ಗೊಂಬೆ ಸುಮ್ಮನಿದ್ದ ಹೊತ್ತು

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಆತಿಯಾ ಟೀಚರ್ ರಾಯಚೂರಿನ ನಿಂಗರಾಜನ ವಿಡಿಯೊ ಅಂಗಡಿಯಲ್ಲಿ ಕುಳಿತು, ಹಿಂದೊಮ್ಮೆ ತಾವೇ ಆಡಿಸಿದ ಗೊಂಬೆಯನ್ನು ಕಂಪ್ಯೂಟರಿನಲ್ಲಿ ನೋಡುತ್ತಿದ್ದರು.

ಮಾನ್ವಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ದಿನಗಳಲ್ಲಿ ಅವರು ರಾಯಚೂರಿನ ಕೇಬಲ್ ಚಾನೆಲ್ಲೊಂದಕ್ಕೆ ಭಾನುವಾರದ ಮಕ್ಕಳ ಕಾರ್ಯಕ್ರಮ ಮಾಡುತ್ತಿದ್ದರು. ಕಾಲುಚೀಲದಲ್ಲಿ ಹೊಲಿದ ಗೊಂಬೆ ಪ್ರಶ್ನೆ ಕೇಳಿ, ಕಿವಿಗೊಟ್ಟು ಸುಮ್ಮನೆ ಕೂಡುತ್ತಿತ್ತು. ಮನೆಮನೆಯ ಮಕ್ಕಳು ಟೀವಿಗೆ ಕೂಗಿ ಉತ್ತರ ಹೇಳುತ್ತಿದ್ದರು. ಆಮೇಲಷ್ಟೇ ಗೊಂಬೆಯ ಉತ್ತರ. ಚಾನೆಲ್ ಮುಚ್ಚಿದ ಮೇಲೆ ಕ್ಯಾಸೆಟ್ಟುಗಳನ್ನು ದೇವದುರ್ಗಕ್ಕೆ ಒಯ್ದು ಇಟ್ಟುಕೊಂಡವನು ಕ್ಯಾಮೆರಾ ಹಿಡಿಯುತ್ತಿದ್ದ ಶಾಮೀದಸಾಬ. ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ಬೂಜು ಹತ್ತಿದೆ, ಇನ್ನು ತಡೆಯುವುದಿಲ್ಲ ಎಂದು ಅವನೇ ಚೀಲ ಹೊತ್ತು ಬಸ್ಸಿನಲ್ಲಿ ತಂದು, ಕಂಪ್ಯೂಟರಿಗೆ ಇಳಿಸಿಕೊಡಲು ನಿಂಗರಾಜನಿಗೆ ಕೊಟ್ಟಿದ್ದ. ಮುಂದಿನ ಮಕ್ಕಳೂ ಕೂಗಿ ಉತ್ತರಿಸಲಿ ಎಂಬುದು ಇಬ್ಬರ ಆಸೆ. ಇವತ್ತು ಅವನೂ ಪಕ್ಕದಲ್ಲಿ ನಿಂತಿದ್ದ.

ನೀರಿಗೆ ಹಾಕಿದ ಉಪ್ಪು ಎಲ್ಲಿಗೆ ಹೋಯಿತು ಎಂದು ಗೊಂಬೆ ಕೇಳಿತು. ಅದೇ ಉಸಿರಿನಲ್ಲಿ ಕರಗಿತು ಎಂದಿತು. ಹಿಂದೆಯೇ ಎಲ್ಲಿಂದಲೋ ತಂದು ಅಂಟಿಸಿದ ಚಪ್ಪಾಳೆ. ಯಾರೋ ಅಗಿದ ತುತ್ತನ್ನು ಮಗುವಿನ ಬಾಯಿಗೆ ತುರುಕಿದಂತಿತ್ತು.

“ಸುಮ್ಮ ಕುಂತದ್ದೆಲ್ಲ ತಗದೀನ್ರಿ ಮೇಡಂ,” ಎಂದ ನಿಂಗರಾಜ ಹೆಮ್ಮೆಯಿಂದ. “ಗೊಂಬಿಗೆ ಮಾತು ಮರ್ತಂಗ ಕಾಣತಿತ್ತು.”

ಆತಿಯಾ ಕ್ಯಾಸೆಟ್ಟು ಎಲ್ಲಿ ಎಂದಷ್ಟೇ ಕೇಳಿದರು. ನಾತ ಹೊಡೆಯುತ್ತಿದ್ದವು, ಹಿಂದೆ ಇಟ್ಟಿದ್ದೇನೆ ಎಂದು ಅವನು ಕೈ ತೋರಿಸಿದ.

ಹಿಂದೆ ಎಂದರೆ ಗಟಾರದ ದಂಡೆ. ಚೀಲದ ಮೇಲೆ ಗುಟ್ಕಾದ ಉಗುಳು, ಯಾರದೋ ಎಂಜಲು. ಬೀದಿನಾಯಿಯೊಂದು ಕ್ಯಾಸೆಟ್ಟಿನ ರೀಲು ಎಳೆದು ಕೆಸರಿನಲ್ಲಿ ತುಳಿಯುತ್ತಿತ್ತು. ಕಸದ ಗಾಡಿ ಬರುವ ಹೊತ್ತು ಬೇರೆ. ಆತಿಯಾ ಮೂಗು ಮುಚ್ಚಿಕೊಂಡು ಬರಿಗೈ ಹಾಕಿದರು.

“ಬಿಡ್ರಿ ಆಪಾ, ಹೋದವು ಹೋದವು,” ಎಂದ ಶಾಮೀದಸಾಬ.

“ಇಷ್ಟು ವರ್ಷ ಇಲಿ ಮುಟ್ಟದಂಗ ಕಾದಿಟ್ಟಿ. ಈಗ ಬಿಡು ಅಂತೀ?”

ರೀಲು ಹರಿದವನ್ನು ಅಲ್ಲೇ ಬಿಡಬೇಕಾಯಿತು. ಉಳಿದವನ್ನು ಒರೆಸಿ ಒಳಗೆ ತಂದರು. ಸಾಬೂನು ಹಚ್ಚಿ ತೊಳೆದರೂ ಕೈಯ ನಾತ ಹೋಗಲಿಲ್ಲ. ಚೀಲದ ನಡುವೆ ಒಣಗಿಯೇ ಉಳಿದಿದ್ದ ಒಂದನ್ನು ಯಂತ್ರಕ್ಕೆ ಹಾಕಿಸಿ, ಏನನ್ನೂ ಕತ್ತರಿಸಕೂಡದು ಎಂದು ಹೇಳಿ, ನಿಂಗರಾಜನ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತರು.

ಗೊಂಬೆ ಕೇಳಿತು. ಸುಮ್ಮನಾಯಿತು. ನಿಂಗರಾಜನ ಕೈ ತಾನಾಗಿ ಮೌಸಿನತ್ತ ಹರಿಯಿತು. ಆತಿಯಾ ಅದನ್ನು ಹೇಸಿಗೆ ಮುಟ್ಟಿದಂತೆ ಬೆರಳ ತುದಿಯಿಂದ ಸರಿಸಿದರು.

ಎಷ್ಟು ಹೊತ್ತು ಹೀಗೆ ಎಂದು ಅವನು ಗೊಣಗಿದ. ಉತ್ತರಿಸಿದವನು ಶಾಮೀದಸಾಬ: ಶೂಟಿಂಗಿನ ಮೊದಲ ದಿನ ನಾನೂ ಬೇಸತ್ತು ಕ್ಯಾಮೆರಾ ಆರಿಸಲು ಹೋಗಿದ್ದೆ, ಆಗ ಟೀಚರ್ ಗದರಿದ್ದರು—

“ಬಂದ್ ಮಾಡಬ್ಯಾಡ ಶಾಮೀದ. ಮುಂದಿನ ಬೆಂಚಿನವ್ರಿಗೆ ಉತ್ತರ ಹೊಳಿಯಾಕ ಮೂರು ಸೆಕೆಂಡ್ ಸಾಕು. ಹಿಂದಿನ ಬೆಂಚಿನವ್ರಿಗೆ ಬೇಕಾಗೋದು ಒಂಬತ್ತು.”