ಕ್ಯೂ ಕೋಲಿಗೆ ಕುಂಕುಮ

ಪರದೇಶದ ಈ ಬೆರ್ರಿಯೆಸಾ ಬಡಾವಣೆಯ ನಮ್ಮ ಮನೆಯೆದುರು ಇವತ್ತು ಆಯುಧಪೂಜೆಗೆಂದು ಅಪ್ಪ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದರು. ಆ ಹುಳಿ ವಾಸನೆಗೆ ಪಕ್ಕದ ಮನೆಯ ರೋಮಿ ಅಂಕಲ್‌ರ ಹಳೆಯ ದಿನಗಳು ನೆನಪಾದವು.

ಅಂಕಲ್ ಫಿಲಿಪೀನ್ಸಿನವರು. ಮೇಜಿನ ಮೇಲಿನ ಚೆಂಡುಗಳನ್ನು ಕ್ಯೂ ಎಂಬ ಕೋಲಿನಿಂದ ಹೊಡೆದು ಗುಳಿಗೆ ಬೀಳಿಸುವ ಪೂಲ್ ಆಟವೇ ಅವರ ವೃತ್ತಿ. ಅವರ ಗರಾಜಿನಲ್ಲಿ ದಿನವಿಡೀ ಚೆಂಡುಗಳ ಟಕ್ ಟಕ್ ಸದ್ದು. ಕೋಲಿನ ತುದಿಗೆ ಉಜ್ಜುವ ಚಾಕ್‌ಪುಡಿಯಿಂದ ಬೆರಳುಗಳು ಸದಾ ನೀಲಿ. ಆದರೆ ಗೆಲುವು ಕಡಿಮೆಯಾಗುತ್ತ ಬಂದಿತ್ತು. ಮುಂದಿನ ಟೂರ್ನಮೆಂಟಿನಲ್ಲಿ ಸೋತರೆ ಆಟ ಬಿಟ್ಟು, ತಂಗಿ ನಡೆಸುವ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರುವುದೆಂದು ಅವರ ಮನೆಯಲ್ಲಿ ಮಾತಾಗಿತ್ತು.

ಆ ಟೂರ್ನಮೆಂಟಿನ ಹಿಂದಿನ ದಿನವೇ ಆಯುಧಪೂಜೆ ಬಂತು. ಉಡುಪಿಯಿಂದ ಬಂದಿದ್ದ ಅಜ್ಜಿ ಅಂಕಲ್‌ರ ಕ್ಯೂ ಕೋಲನ್ನು ತರಿಸಿ, ದೇವರ ಮುಂದಿಟ್ಟು, ಕುಂಕುಮ ಹಚ್ಚಿದರು.

"ಅಮ್ಮಾ, ನಾಳೆ ಅವರಿಗೆ ಮ್ಯಾಚಿದೆ. ಇವತ್ತು ಪ್ರಾಕ್ಟೀಸು ಮಾಡ್ಬೇಕು," ಎಂದರು ಅಪ್ಪ.

"ಅವನ ಹೊಟ್ಟೆಪಾಡು ಅದರಲ್ಲೇ ಅಲ್ವಾ ಮಾರಾಯ? ಹಾಗಾದ್ರೆ ಅದು ಆಯುಧವೇ. ನಾಳೆವರೆಗೆ ಮುಟ್ಲಿಕ್ಕಿಲ್ಲ ಅಂತ ಹೇಳು."

ಅಪ್ಪ ಸಂಕೋಚದಿಂದಲೇ ಹೇಳಿದರು. ಅಂಕಲ್ ನಕ್ಕು, "ಓಕೆ, ಲೋಲಾ," ಎಂದರು. ಅವರ ಭಾಷೆಯಲ್ಲಿ ಲೋಲಾ ಎಂದರೆ ಅಜ್ಜಿ. ಆ ದಿನ ಗರಾಜು ಸುಮ್ಮನಿತ್ತು. ಮರುದಿನ ಅವರು ಮೊದಲ ಪಂದ್ಯದಲ್ಲೇ ಸೋತರು.

"ಎಲ್ಲ ನನ್ನಿಂದಲೇ ಆಯ್ತು," ಎಂದು ಅಜ್ಜಿ ಕೊರಗಿದರು. ಎದುರಾಳಿ ಹುಡುಗ ತುಂಬ ಚೆನ್ನಾಗಿ ಆಡಿದ ಎಂದು ಅಂಕಲ್ ಎಷ್ಟು ಹೇಳಿದರೂ ನಂಬಲಿಲ್ಲ.

ಮುಂದಿನ ಆಯುಧಪೂಜೆಗೆ ಅಜ್ಜಿ ಅವರನ್ನು ಏನೂ ಕೇಳಲಿಲ್ಲ. ಅಂಕಲ್ ತಾವಾಗಿಯೇ ಬಂದು, ವೃದ್ಧಾಶ್ರಮದಲ್ಲಿ ಬಳಸುವ ಬಿಪಿ ಯಂತ್ರವನ್ನು ದೇವರ ಮುಂದಿಟ್ಟು, "ಮೈ ಜಾಬ್, ಲೋಲಾ," ಎಂದರು.

ಅಜ್ಜಿ ಈಗಿಲ್ಲ. ಇವತ್ತು ಅಂಕಲ್ ಯಂತ್ರ ತಂದಾಗ ಪೂಜೆ ಮಾಡಿದ್ದು ನಾನು.