ಟೈರಿಗೆ ಕೊಟ್ಟ ಕಲ್ಲು

ಡ್ರೈವಿಂಗ್ ಪರೀಕ್ಷೆಯಲ್ಲಿ ಮೊದಲ ಸಲ ನಾನು ಫೇಲಾದದ್ದು ಕಾರಿನಿಂದ ಕೆಳಗಿಳಿದು ಟೈರಿಗೆ ಕಲ್ಲು ಕೊಟ್ಟದ್ದಕ್ಕೆ. ನಡೆದದ್ದು ಇಷ್ಟೇ. ಅಮ್ಮನಿಗೆ ಬಿ.ಪಿ. ಏರಿತು, ಕಣ್ಣು ಕತ್ತಲೆ ಬಂತು, ಮಲೇಷ್ಯಾದ ಪರೀಕ್ಷೆ ಬಹಳ ಬಿಗಿ ಎಂದೆಲ್ಲ ನನ್ನ ಮಗಳು ಸವಿತಾ ಹಿರಿಯೂರಿನ ನೆಂಟರಿಗೆ ಫೋನಿನಲ್ಲಿ ಹೇಳಿಟ್ಟಿದ್ದಾಳೆ. ನಂಬಬೇಡಿ. ನನ್ನ ಬಿ.ಪಿ. ಅವಳದಕ್ಕಿಂತ ಚೆನ್ನಾಗಿದೆ. ಪರೀಕ್ಷೆಯೂ ಅಷ್ಟೇನೂ ಬಿಗಿಯಲ್ಲ. ಕಾರಿನೊಳಗೆ ಕೂತಿರಿ ಅನ್ನುತ್ತಾರೆ, ನಾನು ಕೂರಲಿಲ್ಲ.

ಐವತ್ತೊಂಬತ್ತನೇ ವಯಸ್ಸಿಗೆ, ನಾಲ್ಕನೇ ಕ್ಲಾಸು ಓದಿದವಳಿಗೆ, ಪರದೇಶದಲ್ಲಿ ಕಾರು ಕಲಿಯುವ ಉಮೇದು ಯಾಕೆ ಬಂತು ಎಂದು ನೀವು ಕೇಳಬಹುದು. ಉಮೇದು ಆಮೇಲೆ ಬಂತು, ಮೊದಲು ಬಂದದ್ದು ಗರಜು. ಸವಿತಾಳಿಗೆ ಕ್ಲಾಂಗ್ ಬಂದರಿನ ಕಂಟೇನರ್ ಯಾರ್ಡಿನ ಆಫೀಸಿನಲ್ಲಿ ಕೆಲಸ. ಎಂಟು ವರ್ಷ ಕಾದ ಮೇಲೆ ಬೆಳಗಿನ ಪಾಳಿಯ ಮುಖ್ಯಸ್ಥೆ ಆಗ್ತೀಯಾ ಎಂದು ಅವಳನ್ನು ಕೇಳಿದ್ದರು. ಏಳು ಗಂಟೆಗೆ ಅಲ್ಲಿರಬೇಕು. ಮೊಮ್ಮಗಳು ಧನ್ಯಾಳ ಶಾಲೆ ಏಳೂವರೆಗೆ, ಇತ್ತ ನಮ್ಮ ಮನೆಯಿರುವ ಪುಚೊಂಗ್‌ನಲ್ಲಿ. ಅಳಿಯನ ಕೆಲಸ ಜೊಹೋರ್‌ನಲ್ಲಿ, ಶನಿವಾರ ಬಂದು ಭಾನುವಾರ ಹೋಗುತ್ತಾನೆ. ಶಾಲೆಯ ವ್ಯಾನಿನವನು ವಯಸ್ಸಾಯಿತೆಂದು ವ್ಯಾನು ಮಾರಿಬಿಟ್ಟಿದ್ದ. ಎಲ್‌ಆರ್‌ಟಿ ರೈಲು ಆಗಿನ್ನೂ ನಮ್ಮ ಕಡೆ ಬಂದಿರಲಿಲ್ಲ, ಕಂಬಗಳು ಮಾತ್ರ ಬಂದಿದ್ದವು. ಮನೆಯಲ್ಲಿ ಅಳಿಯನ ಹಳೇ ಕಾರು ವಾರವಿಡೀ ಸುಮ್ಮನೆ ನಿಂತಿತ್ತು. ಹನ್ನೊಂದನೇ ಮಹಡಿಯಲ್ಲಿ ನಾನೂ ಸುಮ್ಮನೆ ನಿಂತಿದ್ದೆ.

"ಬೇಡ ಅಂತ ಹೇಳಿಬಿಡ್ತೀನಿ ಬಿಡಮ್ಮ," ಎಂದಳು ಸವಿತಾ. ಬೇಡ ಎನ್ನುವಾಗ ಅವಳು ತಟ್ಟೆಯಲ್ಲಿದ್ದ ಚಪಾತಿಯನ್ನು ಹರಿಯುತ್ತಲೇ ಇದ್ದಳು, ಬಾಯಿಗೆ ಒಂದು ಚೂರೂ ಹಾಕಿರಲಿಲ್ಲ.

"ಕಾರು ನಾನು ಕಲೀತೀನಿ," ಎಂದೆ.

ಸವಿತಾ, ಧನ್ಯಾ ಇಬ್ಬರೂ ನಕ್ಕರು. ನಗಲಿ ಎಂದು ಬಿಟ್ಟೆ. ಒಂದು ತಿಂಗಳೊಳಗೆ ಉತ್ತರ ಹೇಳಬೇಕು ಎಂದು ಆಫೀಸಿನವರು ಹೇಳಿದ್ದರಂತೆ. ಮರುದಿನವೇ ಹೋಗಿ ಡ್ರೈವಿಂಗ್ ಶಾಲೆಗೆ ಸೇರಿದೆ.

ಮೊದಲನೆಯದು ರಸ್ತೆ ನಿಯಮಗಳ ಬಾಯಿಪಾಠದ ಪರೀಕ್ಷೆ, ಕಂಪ್ಯೂಟರಿನಲ್ಲಿ. ಪ್ರಶ್ನೆಯನ್ನು ತಮಿಳಿನಲ್ಲಿ ಕಿವಿಗೆ ಹೇಳುತ್ತದೆ. ನನಗೆ ತಮಿಳು ಬರುವುದು ಲಾರಿಯ ಪುಣ್ಯ. ನಮ್ಮ ಯಜಮಾನರು ಲಾರಿ ಓಡಿಸುತ್ತಿದ್ದರು. ಚಳ್ಳಕೆರೆಯ ಈರುಳ್ಳಿ ತುಂಬಿಕೊಂಡು ಸೇಲಂ, ಮಂಗಳೂರು ಎಂದು ತಿರುಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಕ್ಲೀನರ್ ಇಟ್ಟುಕೊಳ್ಳುವ ಶಕ್ತಿ ಇರಲಿಲ್ಲ, ಹೆಂಡತಿ ಇದ್ದಳು. ಸವಿತಾ ಹೊಟ್ಟೆಗೆ ಬರುವವರೆಗೆ ನಾಲ್ಕು ವರ್ಷ ನಾನೇ ಕ್ಲೀನರ್. ಲಾರಿಗೆ ಹಿಂದೆ ನೋಡುವ ಕನ್ನಡಿ ನಾನು. ರೇಡಿಯೇಟರಿಗೆ ನೀರು ಹಾಕುವವಳು ನಾನು. ಬಾಡಿಯ ಮೇಲೆ ಒಂದು ಏಟು ಬಡಿದರೆ ನಿಲ್ಲಿಸು, ಎರಡು ಬಡಿದರೆ ಹೋಗು. ಈಗಿನ ಕಾರುಗಳಲ್ಲಿ ಮೂರು ಮೂರು ಕನ್ನಡಿ ಇಟ್ಟಿದ್ದಾರೆ. ಮೂರೂ ಸೇರಿ ಒಂದು ಏಟು ಬಡಿಯಲಾರವು.

ನನಗೆ ಕಲಿಸಿದವರು ಮುನಿಯಾಂಡಿ ಎಂಬ ತಮಿಳರು, ಇಲ್ಲೇ ಹುಟ್ಟಿದವರು. ಕಲಿಸುವವರನ್ನು ಇಲ್ಲಿ ಚಿಕ್‌ಗು ಎನ್ನುತ್ತಾರೆ, ಮೇಷ್ಟ್ರು ಎಂದ ಹಾಗೆ. ನನ್ನ ಅರ್ಧಂಬರ್ಧ ತಮಿಳು, ಅವರು ಅದಕ್ಕೆ ಹೊಂದಿಸಿ ಆಡುವ ಮಾತು, ನಡುವೆ ಒಂದೊಂದು ಮಲಯ್ ಪದ, ಇಲ್ಲಿನವರು ಎಲ್ಲ ಮಾತಿನ ಕೊನೆಗೂ ಸೇರಿಸುವ ಒಂದು ಲಾ, ಇಷ್ಟರಲ್ಲಿ ನಮ್ಮ ವಿದ್ಯಾಭ್ಯಾಸ ನಡೆಯಿತು. ಮೊದಲ ದಿನ ಅವರು ನನ್ನ ಕಾಲು ನೋಡಿದರು.

"ಅಮ್ಮಾ, ಚಪ್ಪಲಿ ಆಗಲ್ಲ ಲಾ. ಶೂ ಹಾಕ್ಕೊಂಡು ಬನ್ನಿ."

ಶಾಲೆಯ ಸಾಮಾನು ಮಾರುವ ಅಂಗಡಿಯಲ್ಲಿ ನನ್ನ ಅಳತೆಗೆ ಸಿಕ್ಕಿದ್ದು ಇಲ್ಲಿನ ಮಕ್ಕಳು ಹಾಕುವ ಬಿಳೀ ಬಟ್ಟೆಯ ಶೂ. ಹತ್ತಿ ಸೀರೆ, ಕೆಳಗೆ ಬಿಳೀ ಶೂ. ಲಿಫ್ಟಿನಲ್ಲಿ ಧನ್ಯಾ ನನ್ನಿಂದ ಒಂದು ಮಾರು ದೂರ ನಿಲ್ಲತೊಡಗಿದಳು. ಆ ಲಿಫ್ಟಿನಲ್ಲಿ ಒಂದು ಮಾರು ಎಲ್ಲಿ ಸಿಕ್ಕಿತೋ ಕಾಣೆ.

ನಿಜ ಹೇಳುತ್ತೇನೆ, ಆ ದಿನಗಳಷ್ಟು ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಮದುವೆಯಲ್ಲಿ ತಲೆ ತಗ್ಗಿಸಿ ಕೂರಿಸಿದ್ದರು. ಇಲ್ಲಿ ತಲೆ ಎತ್ತಿ ದಾರಿ ನೋಡು ಎನ್ನುತ್ತಿದ್ದರು. ಕ್ಲಚ್ಚು ಬಿಡುವಾಗ ಕಾರು ಒಂದು ಸಲ ಮೈ ಮುರಿದು ಹೊರಡುತ್ತದಲ್ಲ, ಆಗ ನಾನೂ ಅದರ ಜೊತೆ ಮೈ ಮುರಿದು ಹೊರಡುತ್ತಿದ್ದೆ. ಮನೆಯಲ್ಲಿ ರೊಟ್ಟಿ ತಟ್ಟುವಾಗ ಎಡಗಾಲು ತಾನೇ ಕ್ಲಚ್ಚು ಒತ್ತುತ್ತಿತ್ತು. ಬಾಂಡಲಿಗೆ ಒಗ್ಗರಣೆ ಹಾಕಿ ಸೌಟನ್ನು ಎರಡನೇ ಗೇರಿಗೆ ತಳ್ಳುತ್ತಿದ್ದೆ.

ಪರೀಕ್ಷೆಯ ಮೈದಾನದಲ್ಲಿ ಒಂದು ಸಿಮೆಂಟಿನ ಏರು ಕಟ್ಟಿದ್ದಾರೆ. ಅರ್ಧ ಹತ್ತಿ, ಹಳದಿ ಗೆರೆಗಳ ನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಕ್ಕೆ ಜಾರದೆ ಮತ್ತೆ ಹತ್ತಬೇಕು. ಕಲಿಯುವಾಗ ಹತ್ತಕ್ಕೆ ಹತ್ತು ಸಲವೂ ಹತ್ತಿದ್ದೆ. ಆಗ ಪಕ್ಕದಲ್ಲಿ ಮುನಿಯಾಂಡಿ ಕೂತಿರುತ್ತಿದ್ದರು. ಪರೀಕ್ಷೆಯ ದಿನ ಪಕ್ಕದ ಸೀಟು ಖಾಲಿ. ಮೈದಾನದಲ್ಲಿ ಒಬ್ಬರೇ ಓಡಿಸಬೇಕು, ಅಧಿಕಾರಿಗಳು ಹೊರಗೆ ನಿಂತು ನೋಡುತ್ತಾರೆ.

ಮೊದಲಿಗೆ ಎಲ್ಲ ಚೆನ್ನಾಗಿಯೇ ಆಯಿತು. ಬಾನೆಟ್ ಎತ್ತಿ ಒಂದೊಂದನ್ನೂ ತೋರಿಸಿ ಹೆಸರು ಹೇಳಬೇಕು. ಎಂಜಿನ್ ಆಯಿಲಿಗೆ ಮಲಯ್ ಭಾಷೆಯಲ್ಲಿ ಕಪ್ಪೆಣ್ಣೆ ಎನ್ನುತ್ತಾರೆ, ಮಿನ್ಯಾಕ್ ಹಿತಾಮ್. ಹೆಸರು ಹೇಳಿದ್ದಲ್ಲದೆ ಕಡ್ಡಿ ಎಳೆದು, ಸೆರಗಿನಲ್ಲಿ ಒರೆಸಿ, ಮತ್ತೆ ಅದ್ದಿ ತೋರಿಸಿದೆ. ಮೀಸೆಯ ಅಧಿಕಾರಿ ಹುಬ್ಬೇರಿಸಿದರು. ಆಮೇಲೆ ಏರು. ಹತ್ತಿದೆ. ಹಳದಿ ಗೆರೆಯಲ್ಲಿ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದೆ.

ಈಗ ನೋಡಿ, ನಮ್ಮ ಯಜಮಾನರ ಲಾರಿಗೆ ಹ್ಯಾಂಡ್‌ಬ್ರೇಕ್ ಎನ್ನುವುದು ಹೆಸರಿಗಿತ್ತು. ಶಿರಾಡಿ ಘಾಟಿಯಲ್ಲಿ ಮುಂದಿನ ಗಾಡಿ ನಿಂತಿತೋ, ಅವರು ಕಾಲಲ್ಲಿ ಬ್ರೇಕ್ ಒತ್ತಿ ಹಿಡಿದು ಕೂಗುತ್ತಿದ್ದರು: "ಕಲ್ಲು ಕೊಡೇ!" ನಾನು ಧುಮುಕಿ ಹಿಂದಿನ ಟೈರಿಗೆ ಕಲ್ಲು ಕೊಡಬೇಕು. ತಡವಾದರೆ ಈರುಳ್ಳಿ ಸಮೇತ ನಾವಿಬ್ಬರೂ ಪ್ರಪಾತಕ್ಕೆ. ಅದನ್ನು ನಾನು ನಾಲ್ಕು ವರ್ಷ ಮಾಡಿದ್ದೇನೆ. ತಲೆ ಮರೆತರೂ ಕಾಲು ಮರೆತಿರಲಿಲ್ಲ. ಪಕ್ಕದ ಸೀಟು ನೋಡಿದೆ, ಖಾಲಿ. ಅಂದಮೇಲೆ ಇಳಿಯಬೇಕಾದವಳು ನಾನೇ ತಾನೆ? ಬೆಲ್ಟು ಬಿಚ್ಚಿ ಇಳಿದೆ. ಏರಿನ ಬದಿಯಲ್ಲಿ ಹೂಗಿಡದ ಪಾತಿಗೆ ಕಲ್ಲು ಜೋಡಿಸಿದ್ದರು. ಒಳ್ಳೆಯದೊಂದನ್ನು ಆರಿಸಿ ಟೈರಿಗೆ ಕೊಟ್ಟೆ, ಬಿಳೀ ಶೂನಿಂದ ಎರಡು ಸಲ ಒದ್ದು ಗಟ್ಟಿ ಮಾಡಿ, ವಾಪಸು ಬಂದು ಸೀಟಿನಲ್ಲಿ ಕೂತೆ.

ಸೀಟಿ ಊದಿದ ಸದ್ದು. ಮೀಸೆಯ ಅಧಿಕಾರಿ ಓಡಿ ಬಂದರು. "ಮಾಕ್‌ಚಿಕ್! ಮಾಕ್‌ಚಿಕ್!" ಎಂದರೆ ಚಿಕ್ಕಮ್ಮಾ, ಚಿಕ್ಕಮ್ಮಾ ಎಂದು. ಕಲ್ಲು ನೋಡಿದರು, ನನ್ನನ್ನು ನೋಡಿದರು, ಆ ಕಡೆ ತಿರುಗಿ ನಿಂತರು. ಭುಜ ಕುಲುಕುತ್ತಿತ್ತು. ಕಾರು ಒಂದು ಕೂದಲೆಳೆಯಷ್ಟೂ ಜಾರಿರಲಿಲ್ಲ, ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಫೇಲು ಎಂದು ಬರೆದುಕೊಂಡರು.

"ಹ್ಯಾಂಡ್‌ಬ್ರೇಕ್ ಎಳೆದ ಮೇಲೆ ಕಲ್ಲು ಯಾಕಮ್ಮಾ?" ಮುನಿಯಾಂಡಿ ತಲೆ ಹಿಡಿದುಕೊಂಡರು. "ಇಪ್ಪತ್ತು ವರ್ಷದಿಂದ ಕಲಿಸ್ತಾ ಇದ್ದೀನಿ. ಭಯದಿಂದ ಕಾರು ಬಿಟ್ಟು ಓಡಿದವರನ್ನ ನೋಡಿದ್ದೀನಿ. ಇಳಿದು ಕೆಲಸ ಮುಗಿಸಿ ವಾಪಸ್ ಬಂದು ಕೂತವರನ್ನ ನೋಡಿಲ್ಲ!"

ಮನೆಯಲ್ಲಿ ಧನ್ಯಾ ಸೋಫಾದಿಂದ ಕೆಳಗೆ ಬಿದ್ದು ನಕ್ಕಳು. "ಅಜ್ಜಿ, ಯೂ ಗಾಟ್ ಡೌನ್? ಕಾರ್ ಈಸ್ ನಾಟ್ ಲಾರಿ ಲಾ!" ಸವಿತಾ ನಗಲಿಲ್ಲ. "ಹೋಗಲಿ ಬಿಡಮ್ಮ, ಶುಕ್ರವಾರ ಆಫೀಸಿಗೆ ಹೇಳಿಬಿಡ್ತೀನಿ," ಎಂದಳು. ಅದು ಯಾವ ಶುಕ್ರವಾರ ಎಂದು ಕೇಳಿದೆ. ಮುಂದಿನದರ ಮುಂದಿನದು. ಮರುಪರೀಕ್ಷೆಗೆ ನನಗೆ ಸಿಕ್ಕಿದ್ದು ಅದರ ಹಿಂದಿನ ಗುರುವಾರ. "ಗುರುವಾರ ಸಂಜೆವರೆಗೆ ಬಾಯಿ ಮುಚ್ಚಿಕೊಂಡಿರು," ಎಂದೆ. ಮಗಳಿಗೆ ಸಮಾಧಾನ ಹೇಳುವುದು ನನಗೆ ಇಷ್ಟೇ ಬರುವುದು.

ಆ ಎರಡು ವಾರ ನಾನು ಯೋಚಿಸಿದ್ದು ಒಂದೇ. ಕಾರು ಓಡಿಸಲು ನನಗೆ ಬರುತ್ತಿತ್ತು. ಬಾರದೆ ಇದ್ದದ್ದು ಓಡಿಸುವವಳು ನಾನು ಎಂದು ನಂಬುವುದು. ಸ್ಟೀರಿಂಗ್ ಹಿಡಿದು ಕೂತಿದ್ದರೂ ಒಳಗೆ ನಾನಿನ್ನೂ ಕ್ಲೀನರ್. ಯಾರೋ ಕೂಗುತ್ತಾರೆ, ನಾನು ಧುಮುಕಬೇಕು. ಮನೆಗಳಲ್ಲೂ ಎಷ್ಟೋ ಹೆಂಗಸರು ಹೀಗೇ ಇದ್ದಾರೆ. ಇಡೀ ಮನೆಯನ್ನು ಓಡಿಸುತ್ತಾರೆ, ಏರು ಬಂದ ಕೂಡಲೇ ಕಲ್ಲು ಹುಡುಕಲು ತಾವೇ ಇಳಿಯುತ್ತಾರೆ. ಇದನ್ನು ಸವಿತಾಳಿಗೆ ಹೇಳಿದೆ. "ಅಮ್ಮ, ಹಾರ್ನು ಎಲ್ಲಿದೆ ಅಂತ ಗೊತ್ತಾ ಮೊದಲು?" ಎಂದಳು.

ಗುರುವಾರ ಹೋಗಿ ನೋಡಿದರೆ, ಏರಿನ ಬದಿಯ ಪಾತಿಯಲ್ಲಿ ಹೂಗಿಡ ಇದೆ, ಕಲ್ಲು ಒಂದೂ ಇಲ್ಲ. ಎಲ್ಲ ತೆಗೆಸಿದ್ದರು. ಸರದಿಯಲ್ಲಿ ನಿಂತ ಹುಡುಗಿಯರು ನನ್ನ ಶೂ ನೋಡಿ ಪಿಸಪಿಸ ಮಾತಾಡಿದರು. ಹೆಸರು ಆಗಲೇ ಹಬ್ಬಿತ್ತು.

"ಅಮ್ಮಾ, ಬಾಗಿಲಿಗೆ ಕೈ ಹಾಕಿದರೆ ನಾನು ಈ ಕೆಲಸ ಬಿಟ್ಟು ಮಾಮಕ್ ಅಂಗಡೀಲಿ ಟೀ ಎಳೀತೀನಿ," ಎಂದರು ಮುನಿಯಾಂಡಿ. ಮಾಮಕ್ ಎಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲು, ಟೀಯನ್ನು ಎತ್ತರದಿಂದ ಸುರಿದು ನೊರೆ ಬರಿಸುವುದಕ್ಕೆ ಅಲ್ಲಿ ಎಳೆಯುವುದು ಎನ್ನುತ್ತಾರೆ.

ಏರು ಹತ್ತಿದೆ. ಹಳದಿ ಗೆರೆಯಲ್ಲಿ ನಿಲ್ಲಿಸಿದೆ. ಕಾಲು ಇಳಿಯಲು ತಯಾರಾಗಿಯೇ ಇತ್ತು. ಆಗ ನಾನು, ಯಜಮಾನರ ಗಂಟಲಿನಲ್ಲಿ, ಕಿಟಕಿ ಅದುರುವ ಹಾಗೆ ಕೂಗಿದೆ: "ಕಲ್ಲು ಕೊಡೇ!" ಕೂಗಿ ಹ್ಯಾಂಡ್‌ಬ್ರೇಕನ್ನು ಕರ್ ಎಂದು ಎಳೆದೆ. ನಲವತ್ತು ವರ್ಷದ ಹಿಂದೆ ಕೇಳಿದ ಮಾತನ್ನು ಮೊದಲ ಸಲ ನಾನು ಹೇಳಿದ್ದೆ. ಹೇಳುವುದು ಕೇಳುವುದಕ್ಕಿಂತ ಎಷ್ಟು ಸುಖ! ಅವರು ಅಷ್ಟು ಜೋರಾಗಿ ಕೂಗುತ್ತಿದ್ದುದು ಯಾಕೆ ಎಂದು ಆಗ ತಿಳಿಯಿತು. ಅವರಿಗೂ ಹೆದರಿಕೆ ಆಗುತ್ತಿತ್ತು. ಕ್ಲಚ್ಚು ಬಿಟ್ಟೆ, ಆಕ್ಸಿಲರೇಟರ್ ಕೊಟ್ಟೆ. ಕಾರು ಗುಡ್ಡ ಹತ್ತಿ ಆ ಕಡೆ ಇಳಿಯಿತು, ನನ್ನನ್ನು ಒಳಗಿಟ್ಟುಕೊಂಡೇ.

ರಸ್ತೆಯ ಪರೀಕ್ಷೆಗೆ ಪಕ್ಕದಲ್ಲಿ ಕೂತವರು ಅದೇ ಮೀಸೆಯವರು. ವೃತ್ತದಲ್ಲಿ ಬಲಗಡೆಯವರಿಗೆ ದಾರಿ ಬಿಟ್ಟೆ. ಹಿಂದೆ ಒಬ್ಬ ಅವಸರ ಮಾಡುತ್ತಿದ್ದ, ಮಾಡಿಕೊಳ್ಳಲಿ ಎಂದು ಬಿಟ್ಟೆ. ವಾಪಸು ಬಂದು ನಿಲ್ಲಿಸಿದ ಮೇಲೆ ಅವರು ಕಾಗದ ನೋಡುತ್ತ ಮಲಯ್‌ನಲ್ಲಿ ಕೇಳಿದರು.

"ಇವತ್ತು ಕಲ್ಲು ಎಲ್ಲಿ, ಮಾಕ್‌ಚಿಕ್?"

ನಾನು ಹ್ಯಾಂಡ್‌ಬ್ರೇಕ್ ತೋರಿಸಿದೆ. ಅವರು ನಕ್ಕು ಪಾಸು ಎಂದು ಬರೆದರು. ನಾನು ಕಾರಿನಲ್ಲೇ ಕೂತು ಸವಿತಾಳಿಗೆ ಫೋನು ಮಾಡಿದೆ. "ಆಗಲಿ ಅಂತ ಹೇಳು ಆಫೀಸಿಗೆ," ಎಂದೆ. ಆ ಕಡೆ ಮೂಗು ಒರೆಸಿಕೊಳ್ಳುವ ಸದ್ದು. ಅಳುತ್ತಿದ್ದಾಳೆಂದು ಗೊತ್ತಾಗಿ ಫೋನು ಇಟ್ಟೆ, ದಾರಿಯಲ್ಲಿ ಅಳುವುದಕ್ಕೆಲ್ಲ ಟೈಮಿಲ್ಲ.

ಲೈಸೆನ್ಸನ್ನೂ, ಓಡಿಸುವವರು ಹೊಸಬರು ಎಂದು ತೋರಿಸಲು ಕಾರಿಗೆ ಅಂಟಿಸುವ ಎರಡು ಕೆಂಪು ಪಿ ಚೀಟಿಗಳನ್ನೂ ಮುನಿಯಾಂಡಿ ಭಾನುವಾರ ಸಂಜೆ ಮನೆಗೇ ತಂದುಕೊಟ್ಟರು.

ಮರುದಿನ ಬೆಳಿಗ್ಗೆ ಸವಿತಾಳನ್ನು ಆರು ಗಂಟೆಗೆ ಬಂದರಿಗೆ ಅಟ್ಟಿದೆ. ಧನ್ಯಾಳನ್ನು ಹಿಂದೆ ಕೂರಿಸಿಕೊಂಡು ನಲವತ್ತರ ವೇಗದಲ್ಲಿ ಹೋಗಿ, ಏಳು ಗಂಟೆ ಹತ್ತು ನಿಮಿಷಕ್ಕೆ ಶಾಲೆಯ ಗೇಟಿನಲ್ಲಿ ಇಳಿಸಿದೆ. "ಬೈ ಅಜ್ಜಿ," ಎಂದು ಹಿಂದೆ ತಿರುಗದೆ ಓಡಿತು. ಮನೆ ಎಡಕ್ಕೆ. ನಾನು ಬಲಕ್ಕೆ ತಿರುಗಿಸಿ, ರಸ್ತೆ ಬದಿಯ ಮಾಮಕ್ ಅಂಗಡಿಯ ಮುಂದೆ ಎರಡು ಕಾರಿನ ಜಾಗದಲ್ಲಿ ಒಂದು ಕಾರು ನಿಲ್ಲಿಸಿ, ಟೀ ಹೇಳಿದೆ. ಈ ದೇಶಕ್ಕೆ ಬಂದು ಆರು ವರ್ಷದಲ್ಲಿ ನಾನು ಹೊರಗೆ ಕುಡಿದ ಪ್ರತಿ ಟೀಯನ್ನೂ ಯಾರೋ ಗಡಿಯಾರ ನೋಡುತ್ತ, ಕೀಲಿಕೈ ಆಡಿಸುತ್ತ ಮುಗಿಸಲು ಕಾದಿದ್ದಾರೆ. ಆವತ್ತು ಕೀಲಿಕೈ ನನ್ನ ಲೋಟದ ಪಕ್ಕದಲ್ಲಿತ್ತು, ಸುಮ್ಮನೆ ಮಲಗಿತ್ತು. ಟೀ ಮುಗಿಯಿತು. ಇನ್ನೊಂದು ಹೇಳಿದೆ.