ಒವಿಲಾ ತಾತ ಪಾಕ ಸುಟ್ಟ ಕಥೆ

ಮೊಮ್ಮಗಳು ಕೊರಾಲಿ ಬರೆದು, ತಾನೇ ಚಿತ್ರ ಬಿಡಿಸಿದ ಮಕ್ಕಳ ಪುಸ್ತಕ ಮಾರ್ಚ್ ಮೊದಲ ವಾರ ಅಂಚೆಯಲ್ಲಿ ಬಂತು. ತಾತನ ಜೊತೆ ಕಾಡಿಗೆ ಹೋಗಿ ಮೇಪಲ್ ಮರದ ರಸದಿಂದ ಪಾಕ ಕಾಯಿಸುವ ಹುಡುಗಿಯ ಕಥೆ. ಒವಿಲಾ ಗ್ರೋಂಡಾ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಕನ್ನಡಕ ಒರೆಸಿಕೊಂಡು ತಪ್ಪು ಹುಡುಕಲು ಕುಳಿತ. ಎಪ್ಪತ್ತೊಂಬತ್ತರ ಮುದುಕ, ಅರವತ್ತು ವಸಂತ ಮರಗಳಿಗೆ ತೂತು ಕೊರೆದು, ರಸ ಇಳಿಸಿ, ಪಾಕ ಕಾಯಿಸಿದವನು. ಪುಸ್ತಕದ ತಾತನಿಗೋ ಎದೆಯುದ್ದ ಬಿಳಿ ಗಡ್ಡ, ಮೊದಲ ಪುಟದಿಂದ ಕೊನೆಯವರೆಗೂ ಮಾಸದ ಮುಗುಳ್ನಗೆ.

“ನಂಗ್ಯಾವಾಗ ಗಡ್ಡ ಇತ್ತೇ?” ಎಂದು ಹೆಂಡತಿಯನ್ನು ಕೇಳಿದ.

“ಗಡ್ಡ ಹಾಳಾಗ್ಲಿ, ನಗು ಯಾವಾಗಿತ್ತು?” ಎಂದಳು ಲೋರೆಟ್, ಬಟಾಣಿ ಸಾರು ಕಲಕುತ್ತ.

“ಇಲ್ನೋಡು, ಒಂದ್ ಬಕೆಟ್ ರಸ ಕಾಯ್ಸಿ ನಾಲ್ಕ್ ಬಾಟ್ಲಿ ಪಾಕ ತುಂಬ್ತಾನೆ. ನಲವತ್ ಲೀಟರ್ ಕುದ್ದು ಒಂದ್ ಲೀಟರ್ ಆಗೋದು! ಇವನು ತಾತ ಅಲ್ಲ ಕಣೇ, ಮಂತ್ರವಾದಿ. ಆಮೇಲೆ ‘ತಾಳ್ಮೆಯೇ ಸಿಹಿ, ಕಂದಾ’ ಅಂತಾನೆ. ನಾನ್ ಹಂಗಂದಿದ್ನಾ?”

“‘ಸೌದೆ ಹಾಕೇ ಕೋತಿ’ ಅಂತಿದ್ದೆ. ಅದನ್ನ ಅಚ್ಚು ಹಾಕ್ಸೋಕಾಗತ್ತಾ?”

ಪುಸ್ತಕದಲ್ಲಿಲ್ಲದ ಒಂದು ಸಂಗತಿ ಊರಿಗೆಲ್ಲ ಗೊತ್ತಿತ್ತು. ಇಪ್ಪತ್ತೈದು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕಾಡಿನಲ್ಲಿದ್ದ ಒವಿಲಾನ ಪಾಕದ ಮನೆಯಿಂದ ಕಪ್ಪು ಹೊಗೆ ಎದ್ದಿತ್ತು. ಒಂದಿಡೀ ಕೊಪ್ಪರಿಗೆ ಪಾಕ ಕರಕಾಗಿ, ಸುಟ್ಟ ವಾಸನೆ ಚರ್ಚಿನ ಮೆಟ್ಟಿಲ ತನಕ ಹೋಗಿತ್ತು. “ನಿದ್ದೆ ಹತ್ತಿಬಿಡ್ತು” ಎಂದಿದ್ದ ಅವನು. ಅವತ್ತಿನಿಂದ ಊರವರ ಬಾಯಲ್ಲಿ ಅವನು ಗೊರಕೆ ಒವಿಲಾ. ಲೋರೆಟ್ ಮಾತ್ರ ಬರೀ ಮಾತಿಗೆ ಬಿಡದೆ, ಅವನಿಗೆ ಮತ್ತೆ ನಿದ್ದೆ ಹತ್ತದಿರಲೆಂದು, ವಸಂತ ಬಂದಾಗಲೆಲ್ಲ ಎರಡೆರಡು ಗಂಟೆಗೊಮ್ಮೆ ಟಾರಿನಂಥ ಕಾಫಿ ಕಾಯಿಸಿ, ಮೊಣಕಾಲುದ್ದದ ಹಿಮ ತುಳಿದು ತಾನೇ ಹೊತ್ತು ತಂದು ಕೊಡುತ್ತಿದ್ದಳು.

ಶನಿವಾರ ಊರಿನ ಗ್ರಂಥಾಲಯದಲ್ಲಿ ಕೊರಾಲಿ ಪುಸ್ತಕ ಓದುವ ಕಾರ್ಯಕ್ರಮ. ಅಸಲಿ ತಾತನೂ ಪಕ್ಕದಲ್ಲಿರಲಿ ಎಂದು ಗ್ರಂಥಪಾಲಕಿ ಜಿನೆಟ್ ಒಂದು ಕುರ್ಚಿ ಹಾಕಿಸಿದ್ದಳು. ಅದೇ ಅವಳು ಮಾಡಿದ ತಪ್ಪು. ಕೊರಾಲಿ ಒಂದು ಸಾಲು ಓದಿದರೆ ಒವಿಲಾ ಎರಡು ಸಾಲು ತಿದ್ದಿದ.

“ಮೊಲ ಬಂದು ಬಕೆಟ್ಟಿಗೆ ಇಣುಕಿತು—”

“ಮೊಲ ಇಲ್ಲ. ಇಲಿ. ಬಿದ್ದು ಸತ್ತಿರ್ತಿತ್ತು.”

ನೆಲದ ಮೇಲೆ ಕುಳಿತಿದ್ದ ಮಕ್ಕಳು ಕಿರುಚಿ ಕುಣಿದವು. ಆಮೇಲೆ ಪುಸ್ತಕದ ಕಡೆ ಯಾರೂ ನೋಡಲಿಲ್ಲ. ನೊರೆ ಉಕ್ಕದಂತೆ ಕೊಪ್ಪರಿಗೆಯ ಮೇಲೆ ಹಂದಿಕೊಬ್ಬಿನ ತುಂಡೊಂದನ್ನು ದಾರದಲ್ಲಿ ನೇತುಹಾಕುವುದನ್ನು ಅವನು ತನ್ನ ಟೋಪಿ ಹಿಡಿದು ಅಭಿನಯಿಸಿ ತೋರಿಸುತ್ತಿದ್ದಾಗ, ಮುಂದಿನ ಹಲ್ಲಿಲ್ಲದ ಹುಡುಗಿಯೊಬ್ಬಳು ಕೇಳಿದಳು:

“ತಾತ, ನೀನು ನಿದ್ದೆ ಮಾಡಿ ಪಾಕ ಸುಟ್ಟಿದ್ಯಂತೆ, ಹೌದಾ?”

ಹಿಂದೆ ನಿಂತಿದ್ದ ದೊಡ್ಡವರೆಲ್ಲ ಹೊಟ್ಟೆ ಹಿಡಿದು ನಕ್ಕರು. “ಹೌದು ಪುಟ್ಟಿ” ಎಂದ ಒವಿಲಾ. “ಗಡದ್ದಾಗಿ ನಿದ್ದೆ.”

ಕೊರಾಲಿಯ ಮುಖ ಕೆಂಪಾಯಿತು. ಪುಸ್ತಕ ಮುಚ್ಚಿ ಎದ್ದು ನಿಂತಳು. “ಸುಳ್ಳು. ಸುಟ್ಟಿದ್ದು ನಾನು. ನಂಗೆ ಏಳು ವರ್ಷ. ‘ಸೌದೆ ತರ್ತೀನಿ, ಕೊಪ್ಪರಿಗೆ ನೋಡ್ಕೊಂಡಿರು’ ಅಂತ ತಾತ ಹೇಳಿ ಹೋಗಿದ್ದ. ನಾನು ಒಂದ್ ಸೌಟು ಪಾಕ ಕದ್ದು, ಹೊರಗಡೆ ಹಿಮದ ಮೇಲೆ ಸುರ್ಕೊಂಡು ತಿಂತಾ ಕೂತ್ಬಿಟ್ಟೆ.”

ಒವಿಲಾನಿಗೆ ಮೈಯೆಲ್ಲ ಉರಿದುಹೋಯಿತು. “ಇಪ್ಪತ್ತೈದ್ ವರ್ಷ ಜೋಪಾನ ಮಾಡಿದ್ನಲ್ಲೇ ಕೋತಿ! ಒಂದೇ ನಿಮಿಷಕ್ಕೆ ಚೆಲ್ಬಿಟ್ಯಲ್ಲ!”

ಮನೆಗೆ ಹೋಗುವಾಗ ಕಾರಿನಲ್ಲಿ ಲೋರೆಟ್ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕ ಕುಳಿತಿದ್ದಳು. ಸೇತುವೆ ದಾಟಿದ ಮೇಲೆ ಕೇಳಿದಳು: “ನನ್ಹತ್ರನೂ ಯಾಕ್ ಮುಚ್ಚಿಟ್ಟೆ?”

“ಗೊತ್ತಾಗಿದ್ರೆ ನೀನು ಅವಳನ್ನ ಮತ್ತೆ ಕಾಡಿಗೆ ಬಿಡ್ತಿದ್ಯಾ? ಅವಳಿಲ್ದೆ ನಾನೊಬ್ನೇ ಅಲ್ಲಿ ಯಾರನ್ನ ಬೈಕೊಂಡು ಇರ್ಲಿ?”

ಲೋರೆಟ್ ಅವನ ತೋಳು ತಟ್ಟಿದಳು. ಆದರೆ ಒಂದು ಮೈಲಿ ಹೋಗುವುದರೊಳಗೆ ಅವಳ ಲೆಕ್ಕ ಬೇರೆ ಕಡೆ ತಿರುಗಿತು. “ಹಂಗಾದ್ರೆ ನಾನು ಹೊತ್ಕೊಂಡ್ ಬಂದ ಕಾಫಿ?”

ಒವಿಲಾ ರಸ್ತೆಯ ಮೇಲಿಟ್ಟ ಕಣ್ಣು ಕದಲಿಸಲಿಲ್ಲ. “ಪಾಕದ ಮನೆ ಹಿತ್ಲಲ್ಲಿ ಚೆಲ್ತಿದ್ದೆ. ಅಲ್ಲೊಂದು ಮರ ಇದೆ ನೋಡು, ವರ್ಷಾ ವರ್ಷಾ ಎಲ್ಲಕ್ಕಿಂತ ಮೊದ್ಲು ಎದ್ದು ಅದೇ ರಸ ಬಿಡತ್ತೆ.”

ಅವಳು ಕೈಚೀಲದಿಂದಲೇ ಅವನ ಭುಜಕ್ಕೊಂದು ಬಾರಿಸಿ, ಬಾರಿಸಿದ ಕೈಯಲ್ಲೇ ಕಣ್ಣೊರೆಸಿಕೊಂಡು ನಕ್ಕಳು.

ಸುದ್ದಿ ಹಬ್ಬಿ ಆ ವಸಂತ ಮೂರು ಶಾಲೆಗಳಿಂದ ಕರೆ ಬಂತು. ಎಲ್ಲರಿಗೂ ಇಲಿಯ ತಾತನೇ ಬೇಕು. ಒವಿಲಾ ಭಾನುವಾರದ ಕೋಟು ತೊಟ್ಟು, ಪಾಕದ ಡಬ್ಬಿ, ಒಲೆ, ಒಂದು ಕಟ್ಟು ಕಡ್ಡಿ ಹೊತ್ತು ಮೂರಕ್ಕೂ ಹೋದ. ಮೂರನೆಯ ಶಾಲೆಯ ಅಂಗಳದಲ್ಲಿ ಹಿಮದ ಮೇಲೆ ಬಿಸಿ ಪಾಕ ಸುರಿದು, ಅದು ಅಂಟಾಗುತ್ತಲೇ ಕಡ್ಡಿಗೆ ಸುತ್ತಿ ನಲವತ್ತು ಮಕ್ಕಳಿಗೆ ಹಂಚಿದ. ಅವು ಓಡುತ್ತ, ಬೀಳುತ್ತ, ಒಬ್ಬರ ತಲೆಗೊಬ್ಬರು ಅಂಟಿಸುತ್ತ ತಿಂದವು. ಸಂಜೆಯೆಲ್ಲ ಮನೆಯ ಫೋನು ಬಡಿದುಕೊಂಡಿತು. ಲೋರೆಟ್ ಹನ್ನೊಂದು ತಾಯಂದಿರಿಗೆ ಒಂದೇ ಮಾತು ಹೇಳಿದಳು: “ಕೂದ್ಲಿಗೆ ಕತ್ತರಿ ಹಾಕ್ಬೇಡಿ ತಾಯಿ, ಬಿಸ್ನೀರಲ್ಲಿ ನೆನೆಸಿ, ಬಿಡತ್ತೆ.”